ತುರ್ತು ಚಿಕಿತ್ಸಾ ಘಟಕಕ್ಕೆ ಬರುವವರು ಯಾರ ಕಡೆಯವರೆಂದು ಮೊದಲು ತಿಳಿಸುವ ಬಗ್ಗೆ

ಸಂಖ್ಯೆ: ತುಚಿಘ/ಯಾಕ/ಸುತ್ತೋಲೆ/ಪ್ರಸಕ್ತ ಸಾಲು

ವಿಷಯ: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಸಾರ್ವಜನಿಕರು ತುರ್ತು ಚಿಕಿತ್ಸಾ ಘಟಕದಲ್ಲಿ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಕೂಡದು ಎಂಬ ಕುರಿತು.

ಉಲ್ಲೇಖ:
1. ಕಾಲುಗುರಿನ ಗಾಯಾಳು ಶ್ರೀ ಮಧುಕುಮಾರ್ ಅವರ ದೂರು.
2. ಸದರಿ ದೂರಿನ ಬಗ್ಗೆ ಬಂದ ದೂರವಾಣಿ ಕರೆ.
3. ಸದರಿ ಕರೆಯನ್ನು ಯಾಕೆ ಬೇಗ ಎತ್ತಲಿಲ್ಲ ಎಂದು ಕೇಳಿ ಬಂದ ಇನ್ನೊಂದು ಕರೆ.

ಪೀಠಿಕೆ:

ಈ ಭಾಗದ ಜನರು ತುರ್ತು ಚಿಕಿತ್ಸೆಗೆ ಬರುವಾಗ ರೋಗಿಯ ಜೊತೆಗೆ ಒಬ್ಬ ನಾಯಕರನ್ನು ಫೋನಿನಲ್ಲಿ ಕರೆತಂದು, ಆ ಫೋನನ್ನು ವೈದ್ಯರ ಕೈಗೆ ಕೊಡುವುದು ಹಿಂದಿನಿಂದಲೂ ನಡೆದುಕೊಂಡು ಬಂದಿರುವ ಪದ್ಧತಿಯಾಗಿರುತ್ತದೆ. ಇಲಾಖೆಯ ಒಂದು ಆಸ್ಪತ್ರೆಯಲ್ಲಿ (ಹೆಸರು ಹೇಳಿದರೆ ಮತ್ತೊಂದು ಕರೆ ಬರುವ ಸಂಭವವಿರುವುದರಿಂದ ಹೇಳಿರುವುದಿಲ್ಲ) ಈ ಪದ್ಧತಿಗೆ ಕಳೆದ ವಾರ ಭಂಗ ಬಂದಿದೆ. ಇದರಿಂದ ಇಲಾಖೆಗೆ ತೀವ್ರ ಮುಜುಗರವಾಗಿದೆ. ಮುಚ್ಚಿಡುವುದೇನಿದೆ, ಭಯವೂ ಆಗಿದೆ. ಆದ್ದರಿಂದ ಈಗಾಗಲೇ ಜಾರಿಯಲ್ಲಿರುವ ನಿಯಮಗಳನ್ನು ನೆನಪಿಸುತ್ತಾ, ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ.

1. ಘಟಕದ ಬಾಗಿಲಲ್ಲಿ ರೋಗಿಯನ್ನು ಕೇಳತಕ್ಕ ಮೊದಲನೇ ಪ್ರಶ್ನೆ "ಯಾರ ಕಡೆಯವರು?" ಎಂಬುದಾಗಿರತಕ್ಕದ್ದು. "ಏನಾಗಿದೆ?" ಎಂಬ ಪ್ರಶ್ನೆಯನ್ನು ಸಮಯವಿದ್ದಲ್ಲಿ ಮಾತ್ರ ಕೇಳತಕ್ಕದ್ದು.

2. ಬಂದ ಕರೆಯ ತೂಕಕ್ಕೆ ಅನುಗುಣವಾಗಿ ರೋಗಿಯ ಮಣಿಕಟ್ಟಿಗೆ ಪಟ್ಟಿ ಕಟ್ಟತಕ್ಕದ್ದು. ಮೇಲ್ಮಟ್ಟದ ನಾಯಕರ ಕರೆಗೆ ಕೆಂಪು, ತಾಲ್ಲೂಕು ಮುಖಂಡರ ಕರೆಗೆ ಹಳದಿ, ಗ್ರಾಮ ಪಂಚಾಯಿತಿ ಸದಸ್ಯರ ಕರೆಗೆ ಹಸಿರು. ಸದಸ್ಯರ ಭಾವಮೈದುನನ ಕರೆಗೂ ಹಸಿರೇ, ಆದರೆ ಕುರ್ಚಿ ಇರುವುದಿಲ್ಲ. ಯಾವ ಕರೆಯೂ ಇಲ್ಲದವರು ಗೋಡೆಗೆ ಒರಗಿ ನಿಲ್ಲಬಹುದು. ಹೊಸದಾಗಿ ಸುಣ್ಣ ಹೊಡೆದಿದ್ದಲ್ಲಿ ಒರಗಕೂಡದು.

3. ಪ್ರಜ್ಞೆ ತಪ್ಪುವವರು, ತಪ್ಪುವ ಮುನ್ನ ತಮ್ಮ ಫೋನಿನ ಲಾಕ್ ತೆಗೆದು, ಸಂಬಂಧಪಟ್ಟ ನಾಯಕರ ನಂಬರನ್ನು ಪರದೆಯ ಮೇಲೆ ತಂದಿಟ್ಟುಕೊಂಡಿರತಕ್ಕದ್ದು. ಆಮೇಲೆ "ನಮಗೆ ಗೊತ್ತಾಗಲಿಲ್ಲ" ಎಂದರೆ ಇಲಾಖೆ ಜವಾಬ್ದಾರಿಯಲ್ಲ.

4. ಆಂಬ್ಯುಲೆನ್ಸಿನಲ್ಲಿ ಬಂದವರು ಅದನ್ನೇ ಶಿಫಾರಸು ಎಂದು ಭಾವಿಸಕೂಡದು. ಆಂಬ್ಯುಲೆನ್ಸ್ ಎಲ್ಲರಿಗೂ ಬರುತ್ತದೆ.

5. ನಾಯಕರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಲ್ಲಿ, ಅವರು ವ್ಯಾಪ್ತಿಯೊಳಕ್ಕೆ ಬರುವವರೆಗೆ ರೋಗಿಯು ತನ್ನ ದೇಹಸ್ಥಿತಿಯಲ್ಲಿ ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು. ಈ ನಡುವೆ ಪರಿಸ್ಥಿತಿ ಬಿಗಡಾಯಿಸಿದಲ್ಲಿ ಅದನ್ನು ರೋಗಿಯ ಅವಿಧೇಯತೆ ಎಂದು ಪರಿಗಣಿಸಲಾಗುವುದು.

6. ಒಬ್ಬ ರೋಗಿಗೆ ಎರಡು ಪಕ್ಷಗಳಿಂದ ಕರೆ ಬಂದಲ್ಲಿ ವೈದ್ಯರು ಎರಡೂ ಕಿವಿಗೆ ಒಂದೊಂದು ಫೋನ್ ಹಿಡಿಯತಕ್ಕದ್ದು. ಸ್ಟೆತಾಸ್ಕೋಪಿಗೂ ಕಿವಿಯೇ ಬೇಕಾಗಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಫೋನಿಗೆ ಆದ್ಯತೆ ಕೊಡತಕ್ಕದ್ದು.

7. ಕರೆ ತರಲಾಗದ, ಆದರೆ ಗೋಡೆ ಬಿಟ್ಟು ಹೋಗಲೂ ಒಪ್ಪದ ರೋಗಿಗಳಿಗೆ ಲಭ್ಯವಿರುವ ಚಿಕಿತ್ಸೆಯ ಹೆಸರು "ಮೈಸೂರಿಗೆ ಕರೆದುಕೊಂಡು ಹೋಗಿ". ಇದನ್ನು ದಿನಕ್ಕೆ ಎಷ್ಟು ಬಾರಿಯಾದರೂ ಕೊಡಬಹುದು. ಅಡ್ಡಪರಿಣಾಮಗಳ ಬಗ್ಗೆ ಇಲಾಖೆಗೆ ಇದುವರೆಗೆ ವರದಿ ಬಂದಿಲ್ಲ, ಹೋದವರು ಹಿಂದಕ್ಕೆ ಬಂದು ಹೇಳದಿರುವುದರಿಂದ.

8. ಇನ್ನು, ಈ ಸುತ್ತೋಲೆಗೆ ಕಾರಣವಾದ ಘಟನೆ. ಹುಲ್ಲಹಳ್ಳಿ ಕಡೆಯಿಂದ ಮುದ್ದಮ್ಮ ಎಂಬುವರು ತಮ್ಮ ಗಂಡ ಮರಿಯಯ್ಯನವರನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಬಂದಿರುತ್ತಾರೆ. ಮರಿಯಯ್ಯನವರು ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸದವರು. ಬೆಳಿಗ್ಗೆಯಿಂದ ಎದೆ ಹಿಡಿದುಕೊಂಡಿತ್ತೆಂದೂ, ಗ್ಯಾಸ್ ಇರಬೇಕೆಂದು ನಿಂಬೆ ಸೋಡಾ ಕುಡಿದಿದ್ದರೆಂದೂ ತಿಳಿದುಬಂದಿದೆ. ಬಾಗಿಲಲ್ಲಿದ್ದ ಪರಿಚಾರಕ ಗೋವಿಂದಯ್ಯನವರು ನಿಯಮಾನುಸಾರ ಯಾರ ಕಡೆಯವರೆಂದು ಕೇಳಿದ್ದಕ್ಕೆ ಮುದ್ದಮ್ಮನವರು, "ಯಾರ್ ಕಡೆನೂ ಇಲ್ಲ ಸಾ, ನಾನೊಬ್ಳೇ ಬಂದಿವ್ನಿ. ಒಸಿ ಬುಡಿ ಒಳೀಕೆ" ಎಂದು ಉತ್ತರಿಸಿದ್ದಾರೆ. ಗೋವಿಂದಯ್ಯನವರು ಅವರಿಗೆ ಗೋಡೆ ತೋರಿಸಿದ್ದಾರೆ. ಇಲ್ಲಿಯವರೆಗೆ ಎಲ್ಲವೂ ಕ್ರಮಬದ್ಧವಾಗಿಯೇ ಇತ್ತು.

9. ಅದೇ ವೇಳೆಗೆ ಒಳಗೆ ಕೆಂಪು ಪಟ್ಟಿಯ ಶ್ರೀ ಮಧುಕುಮಾರ್ ಅವರು ಎಡವಿ ಕಿತ್ತುಬಂದ ಕಾಲುಗುರನ್ನು ಮುಂದಕ್ಕೆ ಚಾಚಿ, ನಾಯಕರಿದ್ದ ಫೋನನ್ನು ಕರ್ತವ್ಯನಿರತ ವೈದ್ಯೆ ಡಾ. ಇಂದ್ರಾಣಿಯವರ ಕಿವಿಗೆ ಹಿಡಿದಿದ್ದರು. ಬಾಗಿಲಿನಿಂದ ಮುದ್ದಮ್ಮನವರು, "ಅವ್ವಾ, ಇತ್ಲಾಗ್ ಒಸಿ ನೋಡವ್ವ. ಇವ್ರು ಮಾತಾಡ್ತಾನೇ ಇಲ್ಲ" ಎಂದಿದ್ದಾರೆ. ಸದರಿ ವೈದ್ಯೆಯು ನಾಯಕರ ಫೋನನ್ನು ಹತ್ತಿಯ ಟ್ರೇಯಲ್ಲಿಟ್ಟು, ಮರಿಯಯ್ಯನವರ ಬಳಿಗೆ ಓಡಿದ್ದಾರೆ. ಅವರ ಎದೆಯನ್ನು ಎರಡೂ ಕೈಯಲ್ಲಿ ಒತ್ತಿದ್ದಾರೆ, ಸೂಜಿಮದ್ದು ಕೊಟ್ಟಿದ್ದಾರೆ. ಅಷ್ಟೂ ಹೊತ್ತು ನಾಯಕರು ಟ್ರೇಯಲ್ಲಿ "ಹಲೋ, ಹಲೋ" ಎನ್ನುತ್ತಿದ್ದರೆಂಬುದನ್ನು ಬರೆಯಲು ಇಲಾಖೆಗೆ ನಾಚಿಕೆಯಾಗುತ್ತದೆ.

10. ಪರಿಣಾಮವಾಗಿ ಮರಿಯಯ್ಯನವರು ಯಾವುದೇ ಶಿಫಾರಸಿಲ್ಲದೆ ಬದುಕಿರುತ್ತಾರೆ.

11. ವೈದ್ಯೆಗೆ ಕಾರಣ ಕೇಳುವ ನೋಟಿಸು ನೀಡಿ, ದೂರದ ಊರಿಗೆ ವರ್ಗ ಮಾಡುವ ಆದೇಶವನ್ನೂ ಸಿದ್ಧಪಡಿಸಲಾಯಿತು. "ಯಾರ ಮಾತಿನ ಮೇಲೆ ಚಿಕಿತ್ಸೆ ಕೊಟ್ಟಿರಿ?" ಎಂಬ ಪ್ರಶ್ನೆಗೆ ಅವರ ಲಿಖಿತ ಉತ್ತರ ಒಂದೇ ಸಾಲಿನದು: "ಮುದ್ದಮ್ಮನವರ ಮಾತಿನ ಮೇಲೆ." ಕ್ಷಮಾಪಣೆಯ ಒಂದು ಪದವೂ ಅದರಲ್ಲಿಲ್ಲ. ಇಷ್ಟು ಧೈರ್ಯವಾಗಿ ಬರೆದಿದ್ದಾರೆಂದರೆ ಮುದ್ದಮ್ಮನವರು ಯಾರಿರಬಹುದು ಎಂಬ ಚಿಂತೆ ಇಲಾಖೆಗೆ ಅಂದೇ ಹತ್ತಿಕೊಂಡಿತು.

12. ಚಿಂತೆ ಹೆಚ್ಚಾಗಲು ಕಾರಣಗಳಿವೆ. ಸುದ್ದಿಯು ಹುಲ್ಲಹಳ್ಳಿ ಬಸ್ಸಿನಲ್ಲಿ ಹಬ್ಬಿದ ನಂತರ, ಗೋವಿಂದಯ್ಯನವರ ಪ್ರಶ್ನೆಗೆ ಕಳಲೆಯಿಂದ ಬಂದ, ಹಾವು ಕಚ್ಚಿದ ರೈತರು "ಮುದ್ದಮ್ಮನ ಕಡೆಯೋರು" ಎಂದಿದ್ದಾರೆ. ತಿ. ನರಸೀಪುರದ ತುಂಬು ಗರ್ಭಿಣಿಯೊಬ್ಬರು ನೋವಿನ ನಡುವೆಯೂ ಅದನ್ನೇ ಹೇಳಿದ್ದಾರೆ. ತಾಂಡ್ಯದಲ್ಲಿ ಕೈಬೆರಳು ಯಂತ್ರಕ್ಕೆ ಸಿಕ್ಕಿಸಿಕೊಂಡವರನ್ನು ಕರೆತಂದ ಮೇಸ್ತ್ರಿ, "ನಾವೂ ಮುದ್ದಮ್ಮನ್ ಕಡೆಯೋರೇ ಕಣ್ರೀ, ದಾರಿ ಬುಡ್ರೀ" ಎಂದು ಗದರಿದ್ದಾರೆ. ಈ ಹೆಸರಿಗೆ ಯಾವ ಬಣ್ಣದ ಪಟ್ಟಿ ಕಟ್ಟಬೇಕೆಂದು ತಿಳಿಯದೆ ಗೋವಿಂದಯ್ಯನವರು ಎಲ್ಲರನ್ನೂ ನೇರವಾಗಿ ಒಳಗೆ ಬಿಟ್ಟಿರುತ್ತಾರೆ. ಒಳಗೆ ವೈದ್ಯೆಯು ಅವರವರ ಅಪಾಯ ನೋಡಿ ಒಬ್ಬೊಬ್ಬರಿಗೇ ಚಿಕಿತ್ಸೆ ಕೊಟ್ಟಿರುತ್ತಾರೆ.

13. ಈ ಬಗ್ಗೆ ವಿಚಾರಣೆಗೆಂದು ಅಧೀಕ್ಷಕ ಶ್ರೀ ಶಿವಸ್ವಾಮಿಯವರನ್ನು ಹುಲ್ಲಹಳ್ಳಿ ಕಡೆಗೆ ಕಳುಹಿಸಲಾಯಿತು. ಮುದ್ದಮ್ಮನವರು ಗದ್ದೆಯಲ್ಲಿ ನಾಟಿ ಹಾಕುತ್ತಿದ್ದರು. "ಇವರೆಲ್ಲ ನನ್ನ ಕಡೆಯವರಲ್ಲ" ಎಂಬ ಹೇಳಿಕೆಗೆ ಹೆಬ್ಬೆಟ್ಟು ಒತ್ತುವಂತೆ ಕೋರಲಾಗಿ, ಅವರು ಸೊಂಟ ನೆಟ್ಟಗೆ ಮಾಡಿಕೊಂಡು ಕೊಟ್ಟ ಉತ್ತರವನ್ನು ಇದ್ದಂತೆಯೇ ದಾಖಲಿಸಲಾಗಿದೆ: "ಅಂಗೆಂಗೆ ಬರ್ಕೊಡನ ಸಾ? ನಮ್ಮೋರಲ್ಲ ಅಂದ್ರೆ ನೀವು ನೋಡಕಿಲ್ವಲ್ಲ. ಬಂದೋರೆಲ್ಲ ನಮ್ಮೋರೇ ಅಂತ ಬರ್ಕೊಳಿ."

14. ಎರಡು ತಾಲ್ಲೂಕಿನ ರೋಗಿಗಳನ್ನೆಲ್ಲ ಒಂದೇ ಮಾತಿನಲ್ಲಿ ತಮ್ಮವರೆಂದು ಹೇಳಬಲ್ಲ ಮುಖಂಡರು ಇಲಾಖೆಯ ಅನುಭವದಲ್ಲಿ ಇದುವರೆಗೆ ಯಾರೂ ಇರಲಿಲ್ಲ. ಆದುದರಿಂದ ಶ್ರೀಮತಿ ಮುದ್ದಮ್ಮನವರು ಬಹಳ ದೊಡ್ಡವರೆಂದು ಇಲಾಖೆ ತೀರ್ಮಾನಿಸಿದೆ. ಡಾ. ಇಂದ್ರಾಣಿಯವರ ವರ್ಗಾವಣೆ ಆದೇಶವನ್ನು ಈ ಮೂಲಕ ತಡೆಹಿಡಿಯಲಾಗಿದೆ. ಮುದ್ದಮ್ಮನವರ ಕಡೆಯವರೆಂದು ಹೇಳಿದವರಿಗೆ ಕೂಡಲೇ ಚಿಕಿತ್ಸೆ ನೀಡತಕ್ಕದ್ದು.

ಸಹಿ/-
ಉಪನಿರ್ದೇಶಕರು
(ಯಾರ ಕಡೆಯವರು ಶಾಖೆ)

ಪ್ರತಿಗಳು:
1. ಶ್ರೀ ಮಧುಕುಮಾರ್ ಅವರಿಗೆ, ಉಗುರು ತಾನಾಗಿ ಬೆಳೆಯುತ್ತಿರುವುದರ ಬಗ್ಗೆ ಇಲಾಖೆಯ ಹರ್ಷದೊಂದಿಗೆ.
2. ಗೋವಿಂದಯ್ಯನವರಿಗೆ, ಉಳಿದ ಬಣ್ಣದ ಪಟ್ಟಿಗಳನ್ನು ಉಗ್ರಾಣಕ್ಕೆ ಹಿಂದಿರುಗಿಸುವ ಸೂಚನೆಯೊಂದಿಗೆ.
3. ಡಾ. ಇಂದ್ರಾಣಿಯವರಿಗೆ. ಓದಲು ಪುರುಸೊತ್ತಿಲ್ಲವೆಂದು ಮೇಜಿನ ಮೇಲಿಡಲಾಗಿದೆ.
4. ಶ್ರೀಮತಿ ಮುದ್ದಮ್ಮನವರ ಸನ್ನಿಧಿಗೆ, ಗೌರವಪೂರ್ವಕವಾಗಿ. ಈ ಉಪನಿರ್ದೇಶಕರ ತಾಯಿಯವರಿಗೆ ನಿನ್ನೆಯಿಂದ ಉಸಿರಾಟದ ತೊಂದರೆ ಇದ್ದು, ಘಟಕಕ್ಕೆ ಕರೆತರಲಾಗುತ್ತಿದೆ. ಅವರನ್ನೂ ತಮ್ಮ ಕಡೆಯವರೆಂದೇ ತಿಳಿಯಬೇಕಾಗಿ ಕೋರಿದೆ.