ನನ್ನ ಹೆಡಕಿನ ಮೇಲೆ ಒಂದು ಚರ್ಚೆ

ಬೈಲಹೊಂಗಲದಲ್ಲಿ ಒಬ್ಬ ಹಿರಿಯರಿದ್ದಾರೆ. ನೀವು ಅವರ ಎದುರಿಗೆ ನಿಂತು, ಎರಡೂ ಕೈ ಜೋಡಿಸಿ, ಮೂವತ್ತೆರಡು ಹಲ್ಲೂ ತೋರಿಸಿ ನಮಸ್ಕಾರ ಹೇಳಿ ನೋಡಿ. "ಯಾರ್ರಿ ನೀವು?" ಎನ್ನುತ್ತಾರೆ. ಮುಖಭಂಗವಾಗಿ ತಿರುಗಿ ಹೊರಟಿರೋ, "ಅರೇ ನೀವೇನ್ರಿ! ನಿಂದರ್ರಿ, ನಿಂದರ್ರಿ!" ಎಂದು ಹಿಂದೆಯೇ ಓಡಿಬರುತ್ತಾರೆ. ಇದು ಕಣ್ಣಿನ ದೋಷವಲ್ಲ. ತಲೆಯ ದೋಷವೂ ಅಲ್ಲ. ಅವರು ಮೂವತ್ನಾಲ್ಕು ವರ್ಷ ಊರಿನ ಟಾಕೀಸಿನಲ್ಲಿ ಸಿನಿಮಾ ಬಿಡುವ ಆಪರೇಟರ್ ಆಗಿದ್ದವರು. ಗೋಡೆಯಲ್ಲಿದ್ದ ಒಂದು ಚೌಕದ ಕಿಂಡಿಯಿಂದ, ದಿನಕ್ಕೆ ನಾಲ್ಕು ಆಟದಂತೆ, ಅವರು ಕಂಡದ್ದು ಊರಿನ ಬೆನ್ನನ್ನು. ಮುಖಗಳನ್ನು ನೋಡಲು ಅವರಿಗೆ ಪುರಸೊತ್ತಾದರೂ ಎಲ್ಲಿತ್ತು!

ಊರು ಅವರನ್ನು ಆಪರೇಟರ್ ಚಾಚಾ ಎನ್ನುತ್ತದೆ. ಟಾಕೀಸು ಮುಚ್ಚಿ ಕಲ್ಯಾಣಮಂಟಪವಾಗಿ ಎಷ್ಟೋ ವರ್ಷವಾಯಿತು. ಚಾಚಾ ಅಲ್ಲಿನ ಮದುವೆಗಳಿಗೆ ತಪ್ಪದೆ ಹೋಗುತ್ತಾರೆ, ವೇದಿಕೆಯ ಹಿಂದಿನಿಂದ ಹತ್ತಿ ಅಕ್ಷತೆ ಹಾಕುತ್ತಾರೆ. ಒಮ್ಮೆ ಅರಿಷಿಣ ಹಚ್ಚುವ ಹೊತ್ತಿನಲ್ಲಿ ವರನ ಬೆನ್ನು ನೋಡಿ, "ಹುಡುಗಗ ಈ ಲಗ್ನ ಮನಸಿಲ್ಲರಿ. ಹೆಗಲ ನೋಡ್ರಿ, ಬಾಗಲದ ಕಡೆ ಹೊಂಟಾವು" ಎಂದರಂತೆ. ಎಲ್ಲರೂ ನಕ್ಕರಂತೆ. ಮರುದಿನ ಮುಹೂರ್ತಕ್ಕೆ ವರ ನಾಪತ್ತೆ! ಅಂದಿನಿಂದ ಊರಿನವರು ಚಾಚಾನನ್ನು ಕಂಡರೆ ಬೆನ್ನನ್ನು ಗೋಡೆಗೆ ಅಂಟಿಸಿ ನಿಲ್ಲುತ್ತಾರೆ.

ನನಗೆ ಇದೊಂದೂ ಗೊತ್ತಿರಲಿಲ್ಲ. ನಾನು ವಿಜ್ಞಾನದ ಮಾಸ್ತರ. ರಾಮದುರ್ಗದ ಕಡೆಯ ಸಾಲಹಳ್ಳಿಯಲ್ಲಿ, ತಾಯಿಯ ತವರಿನಲ್ಲಿ ಬೆಳೆದವನು. ವರ್ಗವಾಗಿ ಈ ಊರಿಗೆ ಬಂದ ಹೊಸದರಲ್ಲಿ ರವಿವಾರ ಮನೆಯಲ್ಲಿ ಕೂತು ಕೂತು ಹೆಂಡತಿಯ ಪಲ್ಯಕ್ಕೆ ಉಪ್ಪು ಹೆಚ್ಚು, ಖಾರ ಕಡಿಮೆ ಎಂದು ವರದಿ ಒಪ್ಪಿಸುತ್ತಿದ್ದೆ. ಆಕೆ ಎಷ್ಟು ದಿನ ಸಹಿಸಿಯಾಳು?

"ರೀ, ಪಲ್ಯಾದ ಮ್ಯಾಲ ಚರ್ಚಾ ಸಾಕು. ಊರಾಗ ಸಿನಿಮಾದ ಮ್ಯಾಲ ಚರ್ಚಾ ಮಾಡೋ ಮಂದಿ ಅದಾರಂತ. ಅಲ್ಲಿ ಹೋಗ್ರಿ."

ಹೀಗೆ ನಾನು ಸಿನಿಮಾ ಬಳಗದ ಸದಸ್ಯನಾದೆ.

ಬಳಗ ಸೇರುವುದು ರವಿವಾರ ಮಧ್ಯಾಹ್ನ ಮೂರಕ್ಕೆ, ಹಿಂದೆ ಹತ್ತಿಯ ಅಂಡಿಗೆಗಳನ್ನು, ದೊಡ್ಡ ದೊಡ್ಡ ಮೂಟೆಗಳನ್ನು, ಒಟ್ಟುತ್ತಿದ್ದ ಒಂದು ಹಳೆಯ ಗೋದಾಮಿನಲ್ಲಿ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಕಾಲಿಟ್ಟರೆ ಕಿಟಕಿಗಳಿಗೆಲ್ಲ ಕರಿಯ ಕಂಬಳಿ ಹೊಡೆದು ಕತ್ತಲೆ ಮಾಡಿದ್ದರು. ಪರದೆಯತ್ತ ಹೋಗುವ ಬೆಳಕಿನ ಪಟ್ಟಿಯಲ್ಲಿ ಎಂದಿನದೋ ಹತ್ತಿಯ ಎಳೆಗಳು ಗಾಳಿಯಿಲ್ಲದೆಯೂ ಮೆಲ್ಲಗೆ ತಿರುಗುತ್ತಿದ್ದವು. ಕಣ್ಣು ಹೊಂದಿಕೊಂಡ ಮೇಲೆ ನೋಡುತ್ತೇನೆ, ನಡುವೆ ಸಾಲಾಗಿ ಇಟ್ಟ ಕುರ್ಚಿಗಳೆಲ್ಲ ಖಾಲಿ! ಹದಿನಾರು ಜನ ಸದಸ್ಯರು ಮೂರೂ ಗೋಡೆಗಳಿಗೆ ಬೆನ್ನು ಹಚ್ಚಿ, ಹೆಣ್ಣು ನೋಡಲು ಬಂದವರ ಹಾಗೆ ಸುತ್ತ ಕೂತಿದ್ದಾರೆ. ಒಬ್ಬರೂ ಮಾತಾಡುತ್ತಿಲ್ಲ. ಏಪ್ರಿಲ್ ತಿಂಗಳಲ್ಲಿ ಕುತ್ತಿಗೆಗೆ ಮಫ್ಲರು! ಅಧ್ಯಕ್ಷರಾದ ವಕೀಲರಂತೂ ಅಂಗಿಯ ಕಾಲರನ್ನು ಕಿವಿಯವರೆಗೆ ಎಬ್ಬಿಸಿದ್ದರು.

ಹೊಸಬನಿಗೆ ಮರ್ಯಾದೆಯಿಂದ ಜಾಗ ಬಿಟ್ಟಿದ್ದಾರೆ ಎಂದುಕೊಂಡೆ. ಎಂಥ ಸಭ್ಯರು! ಗತ್ತಿನಿಂದ ಹೋಗಿ ಎರಡನೆಯ ಸಾಲಿನಲ್ಲಿ, ಕಂಬದ ಪಕ್ಕದ ಕುರ್ಚಿಯಲ್ಲಿ ಕೂತೆ. ಯಾರೋ ಗೋಡೆಯ ಬಳಿಯಿಂದ "ಪಾಪ" ಎಂದರು.

ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೆ ನನ್ನ ಹೆಡಕು, ಅಂದರೆ ಹಿಂಗತ್ತು, ಜುಮ್ಮೆನ್ನತೊಡಗಿತು. ಯಾರೋ ಹಿಂದೆ ನಿಂತು ಅದರ ಮೇಲೆ ಉಸಿರು ಬಿಟ್ಟಂತೆ. ಮೆಲ್ಲಗೆ ತಿರುಗಿದೆ. ಪ್ರೊಜೆಕ್ಟರಿನ ಪಕ್ಕದಲ್ಲಿ ಎತ್ತರದ ಸ್ಟೂಲಿನ ಮೇಲೆ ಬಿಳಿ ಗಡ್ಡದ ಮುದುಕರೊಬ್ಬರು ಕೂತಿದ್ದರು. ಪರದೆಯ ಕಡೆ ಅವರ ಲಕ್ಷ್ಯವೇ ಇಲ್ಲ. ಎರಡೂ ಕಣ್ಣು ನನ್ನ ಮೇಲೆ.

ಸಿನಿಮಾ ಮುಗಿದು ದೀಪ ಹಾಕಿದ ಮೇಲೆ ಪ್ರತಿಯೊಬ್ಬರೂ ಎರಡು ಮಾತಾಡಬೇಕೆಂಬುದು ಬಳಗದ ನಿಯಮ. ಕೊನೆಗೆ ಆ ಮುದುಕರ, ಅಂದರೆ ಆಪರೇಟರ್ ಚಾಚಾನ ಸರದಿ. ಅವರು ಸಿನಿಮಾ ನೋಡುವುದೇ ಇಲ್ಲವಲ್ಲ, ಹಾಗಾಗಿ ಮಾತಾಡುವುದು ನೋಡುಗರ ಬಗ್ಗೆ.

"ತಾಯಿ ಸಾಯೋ ಸೀನಿನ್ಯಾಗ ವಕೀಲರ ಹೆಗಲು ಒಂದ ಸವನ ಅಲ್ಲಾಡಿದ್ವು," ಎಂದರು. ಗೋಡೆಗೆ ಆತುಕೊಂಡರೂ ಹೆಗಲು ಕಂಡೇಬಿಟ್ಟಿದ್ದವು!

ವಕೀಲರು ಕಣ್ಣೊರೆಸಿಕೊಂಡು, "ಭಾಳ ಮನಸಿಗೆ ಹತ್ತಿತ್ತು ಚಾಚಾ," ಎಂದರು.

"ಅಳು ಅಲ್ಲರಿ ಅದು. ಗೊರಕಿ."

ಎಲ್ಲರೂ ನಕ್ಕರು. ನಾನೂ ಜೋರಾಗಿ ನಕ್ಕೆ. "ಇನ್ನ ಈ ಹೊಸಾ ಮಾಸ್ತರು..." ಎಂದು ಚಾಚಾ ಶುರುಮಾಡಿದರು. ಅಲ್ಲಿಗೇ ನಿಂತರು. ನಾನು ಬೆನ್ನು ತಿರುಗಿಸಿಯೇ ಕೂತಿದ್ದೆ. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು. ಹದಿನಾರು ಜನರ ನಗು ಒಂದೊಂದಾಗಿ ಆರಿಹೋಯಿತು.

"ನಿಮ್ಮ ವಯಸ್ಸ ಎಷ್ಟರಿ?"

"ಮೂವತ್ತೊಂಬತ್ತು," ಎಂದೆ.

ಸ್ಟೂಲು ಸರಿದ ಸದ್ದು. ಚಪ್ಪಲಿಯ ಚರ್ ಚರ್ ಸದ್ದು. ಚಾಚಾ ಚಹಾ ಕುಡಿಯದೆ ಹೊರಟುಹೋಗಿದ್ದರು.

ಹೊರಗೆ ಬಿಸಿಲಲ್ಲಿ ವಕೀಲರು ನನ್ನ ಕೈ ಹಿಡಿದುಕೊಂಡರು. ವಕೀಲರು ತಾವಾಗಿ ಕೈ ಹಿಡಿದರೆಂದರೆ ಕೇಸು ಸೋತಿದೆ ಎಂದೇ ಅರ್ಥ. "ಮಾಸ್ತರ, ಚಾಚಾ ಏನರ ಅಂದ್ರ ಚಿಂತಿಲ್ಲರಿ. ಜವಳಿ ಅಂಗಡಿ ಸಾವಕಾರಗ 'ಕೊಳ್ಳಾಗ ಗಂಟ ಐತಿ, ಡಾಕ್ಟರಿಗೆ ತೋರಸ್ರಿ' ಅಂದ್ರು. ತೋರಿಸಿದ್ರು, ತಗಸಿದ್ರು, ಗುಂಡಕಲ್ಲಿನಂಗ ಅದಾರ. ಆದ್ರ ನವಿಲುತೀರ್ಥ ಡ್ಯಾಮಿನ್ಯಾಗ ಇಂಜಿನಿಯರ್ ಆಗಿದ್ದ ನಮ್ಮ ಹಿಂದಿನ ಅಧ್ಯಕ್ಷರು... ಅವರ ಬೆನ್ನ ನೋಡಿ ಚಾಚಾ ಸುಮ್ಮನಾಗಿಬಿಟ್ರು."

"ಆಮ್ಯಾಲೆ?"

"ಗುರುವಾರ ಮುಂಜಾನೆ ಉಪ್ಪಿಟ್ಟು ತಿನ್ನಕೋತ ಹೋಗಿಬಿಟ್ರು."

ಬಳಗದಲ್ಲಿ ಇದಕ್ಕೊಂದು ಮಾತೇ ಹುಟ್ಟಿಕೊಂಡಿದೆಯಂತೆ: ಚಾಚಾ ಮಾತಾಡಿದರೆ ಔಷಧ, ಸುಮ್ಮನಾದರೆ ಊದುಬತ್ತಿ!

ನೀವು ನಗಬಹುದು. ನಾನೂ ನಗುತ್ತಿದ್ದೆ, ನಮ್ಮ ಮನೆಯ ಚರಿತ್ರೆ ಬೇರೆಯಾಗಿದ್ದರೆ. ನನ್ನ ಅಜ್ಜ ಮೂವತ್ತೆಂಟಕ್ಕೆ ಹೋದರು. ಅಪ್ಪ ಮೂವತ್ತೊಂಬತ್ತಕ್ಕೆ, ನನಗಾಗ ನಾಲ್ಕು ವರ್ಷ. "ಈ ಮನಿತನದ ಗಂಡಸರು ನಲವತ್ತ ಕಾಣೂದಿಲ್ಲ" ಎಂದು ಸೋದರತ್ತೆಯೊಬ್ಬಳು ಅಂದದ್ದನ್ನು ಕೇಳಿಕೊಂಡೇ ಬೆಳೆದವನು ನಾನು. ದಸರೆ ಕಳೆದರೆ ನನಗೆ ನಲವತ್ತು. ಅಷ್ಟೊಂದು ಜನರ ಬೆನ್ನುಗಳಲ್ಲಿ ಈ ಮನುಷ್ಯ ನನ್ನ ಬೆನ್ನಿಗೇ ಬಂದು ಸುಮ್ಮನಾಗಬೇಕೇ? ಸುಮ್ಮನಾದದ್ದು ಸಾಲದೆಂದು ವಯಸ್ಸು ಬೇರೆ ಕೇಳಬೇಕೇ?

ಮನೆಗೆ ಬಂದವನೇ ಅಂಗಿ ಬಿಚ್ಚಿ ಹೆಂಡತಿಗೆ ಬೆನ್ನು ಹಾಕಿ ಕೂತೆ. "ಫೋಟೋ ತಗಿ. ಹೆಡಕ ಸರಿಯಾಗಿ ನೋಡು. ಏನರ ಕಾಣತೈತೇನು?"

ಆಕೆ ಮೊಬೈಲ್ ಹಿಡಿದು ಬಹಳ ಹೊತ್ತು ಪರೀಕ್ಷಿಸಿದಳು.

"ಕಾಣತೈತ್ರಿ."

"ಏನು?"

"ಮಣ್ಣು. ಇನ್ನಮ್ಯಾಲರ ತಿಕ್ಕಿ ಜಳಕಾ ಮಾಡ್ರಿ."

ವಿಷಯ ತಿಳಿದ ಮೇಲೆ, "ಎಂಬತ್ತಾರ ವರ್ಷದವರು ಸಾಯದ ಮತ್ತೇನ ಮಾಡ್ತಾರ?" ಎಂದು ಇಂಜಿನಿಯರರ ಕೇಸನ್ನೂ ಒಂದೇ ಮಾತಿನಲ್ಲಿ ವಜಾ ಮಾಡಿದಳು. ಆದರೂ ಮಂಗಳವಾರ ನನ್ನನ್ನು ಸವದತ್ತಿಯ ಗುಡ್ಡಕ್ಕೆ ಕರೆದೊಯ್ದು ದೇವಿಗೆ ಉಡಿ ತುಂಬಿಸಿದಳು. ಕೈ ಮುಗಿದು ನಿಂತವಳ ತುಟಿ ನಡುಗುತ್ತಿದ್ದುದನ್ನು ನಾನು ಕಂಡೆ.

ಧಾರವಾಡಕ್ಕೆ ಹೋಗಿ ಇಸಿಜಿ ತೆಗೆಸಿದೆ. "ಏನೂ ಇಲ್ಲ ಮಾಸ್ತರ, ನೂರು ವರ್ಷ ಇರ್ತೀರಿ" ಎಂದರು ಡಾಕ್ಟರು. ಸಂತೋಷದಿಂದ ಎದ್ದು ಹೊರಟೆ. ನಾನು ಬೆನ್ನು ತಿರುಗಿಸಿದೊಡನೆ ಅವರು ಸುಮ್ಮನಾದರು! ಶಾಲೆಯಲ್ಲಿ ಮಕ್ಕಳಿಗೂ ಹೆಡಕು ತೋರಿಸಬಾರದೆಂದು ಬೋರ್ಡಿಗೆ ಒರಗಿ, ಕೈ ಹಿಂದೆ ಮಾಡಿ ಬರೆದೆ. ಗುರುತ್ವದ ಸೂತ್ರ ಗೋಡೆಯವರೆಗೆ ಹೋಗಿ ಕಿಟಕಿಯ ಚೌಕಟ್ಟಿನಲ್ಲಿ ಮುಗಿಯಿತು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಶನಿವಾರ ಒಂದು ಕೆಲಸದ ಮೇಲೆ ಕಿತ್ತೂರಿಗೆ ಹೋದವನು, ಬಸ್ಸಿಗೆ ಹೊತ್ತಿದೆಯೆಂದು ಕೋಟೆಯೊಳಗೆ ಹೋದೆ. ಸುಡು ಮಧ್ಯಾಹ್ನ. ಬಿದ್ದ ಗೋಡೆಗಳ ನಡುವೆ ನರಪಿಳ್ಳೆ ಇಲ್ಲ. ನಡೆಯುತ್ತಿದ್ದಂತೆ ಹಿಂದಿನಿಂದ ಚರ್ ಚರ್ ಎಂಬ ಸದ್ದು. ನಿಂತೆ. ಅದೂ ನಿಂತಿತು. ನಡೆದೆ. ಚರ್ ಚರ್. ತಿರುಗಿದರೆ ಹತ್ತು ಹೆಜ್ಜೆಯಾಚೆ ಚಾಚಾ! ನನ್ನ ಮುಖ ನೋಡಲೇ ಇಲ್ಲ. ಬಗ್ಗಿ ನನ್ನ ಪಾದಗಳನ್ನು ನೋಡುತ್ತಿದ್ದರು.

"ಚಾಚಾ, ನೀವು ಇಲ್ಲಿ?"

"ಯಾರ್ರಿ ನೀವು?" ಎಂದರು. ಧ್ವನಿ ನಡುಗುತ್ತಿತ್ತು. ನಾನು ಓಡಲೆಂದು ತಿರುಗಿದೆನೋ ಇಲ್ಲವೋ, ಹಿಂದಿನಿಂದ "ಯಾ ಅಲ್ಲಾ!" ಎಂಬ ಉದ್ಗಾರ ಕೇಳಿತು. ಮತ್ತೆ ನೋಡುವಷ್ಟರಲ್ಲಿ ಮುದುಕರು ಬಸ್ ಸ್ಟ್ಯಾಂಡಿನ ದಿಕ್ಕಿಗೆ ದಾಪುಗಾಲು ಹಾಕುತ್ತಿದ್ದರು. ಯಮನೂ ಇವರಿಗಿಂತ ವಾಸಿ. ಕೋಣನ ಮೇಲೆ ಕೂತು ಎದುರಿನಿಂದ ಬರುತ್ತಾನೆ.

"ನಾಳೆ ಹೋಗಿ ಕೇಳೇಬಿಡ್ರಿ," ಎಂದಳು ಹೆಂಡತಿ. "ಏನ ಇದ್ರೂ ಗೊತ್ತಾಗಲಿ. ಹಿಂಗ ದಿನಾ ಸಾಯೂದು ನನ್ನಿಂದ ನೋಡಾಕ ಆಗೂದಿಲ್ಲ."

ರವಿವಾರ ಎರಡು ಗಂಟೆಗೇ ಗೋದಾಮಿಗೆ ಹೋದೆ. ಚಾಚಾ ಒಬ್ಬರೇ ಕಿಟಕಿಗಳಿಗೆ ಕಂಬಳಿ ಕಟ್ಟುತ್ತಿದ್ದರು.

"ಚಾಚಾ, ನಿಮ್ಮ ಕೂಡ ಮಾತಾಡೂದು ಐತಿ."

"ಯಾರ್ರಿ ನೀವು?"

ಬೇರೆ ದಾರಿಯಿರಲಿಲ್ಲ. ತಿರುಗಿ ನಿಂತೆ. ಕಂಬಳಿ ಅವರ ಕೈಯಿಂದ ಜಾರಿ ಬಿದ್ದ ಸದ್ದಾಯಿತು. ಖಾಲಿ ಪರದೆಯನ್ನೇ ನೋಡುತ್ತ, ಇದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ ಕೇಳಿದೆ.

"ಖರೇ ಹೇಳ್ರಿ ಚಾಚಾ. ನಾ ಇನ್ನ ಎಷ್ಟ ದಿನ ಇರ್ತೇನಿ?"

ಹಿಂದಿನಿಂದ ಉತ್ತರ ಬಂತು. "ನೀವು ಇದ್ದೀರೋ ಇಲ್ಲೋ, ಮೊದಲ ಅದನ್ನ ಹೇಳ್ರಿ!"

"ಅಂದ್ರ?"

"ದೆವ್ವದ ಕಾಲು ಹಿಂದ ಮುಂದ ಇರತಾವಂತ. ಅದನ್ನ ನೋಡಾಕ ನಾ ಕಿತ್ತೂರ ತನಕಾ ಬಂದೆ. ನಿಮ್ಮ ಕಾಲು ಸರಿ ಅದಾವು. ಮತ್ತ ಈ ಬೆನ್ನ ಹ್ಯಾಂಗ ಬಂತು?"

ಒಂದು ವಾರ ನಾನು ಅವರಿಗೆ ಹೆದರಿ ಸತ್ತಿದ್ದೆ. ಅವರು ನನಗೆ ಹೆದರಿ ಸತ್ತಿದ್ದರು!

"ಹಂಗಾರ ಆ ಇಂಜಿನಿಯರ್ ಸಾಹೇಬ್ರನ್ನ ನೋಡಿ ಯಾಕ ಸುಮ್ಮನಾದ್ರಿ?"

"ಅವತ್ತ ನನಗ ಹಲ್ಲ ಬ್ಯಾನಿ ಇತ್ತರಿ! ನಾ ಆಪರೇಟರ್ ಅದೇನಿ, ಯಮ ಅಲ್ಲ. ಯಾರು ಯಾವಾಗ ಹೋಗತಾರ ಅಂತ ನನಗೇನ ಗೊತ್ತು?"

ಅಬ್ಬಾ! ಅರ್ಧ ಜೀವ ಮರಳಿ ಬಂತು. ತಿರುಗಲು ಹೋದೆ. "ತಿರಗಬ್ಯಾಡ್ರಿ," ಎಂದರು. "ಹಂಗ ನಿಂದರ್ರಿ. ತಿರಗಿದ್ರ ನನಗ ಅಂವ ಸಿಗೂದಿಲ್ಲ."

"ಯಾರು ಚಾಚಾ?"

"ಹೆಸರ ಗೊತ್ತಿಲ್ಲ. ಮುಖಾ ನೋಡಿಲ್ಲ. ಹತ್ತಿ ಜಿನ್ನಿನ್ಯಾಗ ಕೆಲಸಾ ಮಾಡತಿದ್ದ. ಮೂವತ್ತೈದ ವರ್ಷದ ಮ್ಯಾಲಾತು. ರವಿವಾರ ಮ್ಯಾಟ್ನಿಗೆ ಎರಡನೇ ಸಾಲಿನ್ಯಾಗ ಕಂಬದ ಬಾಜೂಕ ಕುಂಡರತಿದ್ದ. ಹೀಂಗ, ಎಡಗಡೆ ಹೆಗಲ ಇಳಿಬಿಟ್ಟು. ಒಂದ ರವಿವಾರ ಬರಲಿಲ್ಲ. ಮರುವಾರಾನೂ ಇಲ್ಲ. ತೀರಿಕೊಂಡಾ ಅಂತ ಗೇಟಿನಾಂವ ಹೇಳಿದ. ಮೂವತ್ತೊಂಬತ್ತ ವರ್ಷಂತ. ಮಣ್ಣಿಗೆ ಹೋಗಬೇಕಂದ್ರ ಮನಿ ಯಾವುದು, ಯಾರ ಪೈಕಿ, ಏನೂ ಗೊತ್ತಿರಲಿಲ್ಲ."

ನನ್ನ ಅಪ್ಪ ಈ ಊರಿನ ಜಿನ್ನಿನಲ್ಲಿ, ಹತ್ತಿಯ ಬೀಜ ಬಿಡಿಸುವ ಗಿರಣಿಯಲ್ಲಿ, ಕೆಲಸಕ್ಕಿದ್ದರು. ಅವರು ಹೋದ ಮೇಲೆಯೇ ತಾಯಿ ನನ್ನನ್ನು ಸಾಲಹಳ್ಳಿಗೆ ಕರೆದುಕೊಂಡು ಹೋದದ್ದು. ನನಗೆ ಅಪ್ಪ ಎಂದರೆ ಗೋಡೆಯ ಮೇಲಿನ ಒಂದು ಫೋಟೋ, ಬರೀ ಮುಖ. ಅವರು ಹೇಗೆ ಕೂರುತ್ತಿದ್ದರು, ಹೇಗೆ ಏಳುತ್ತಿದ್ದರು, ಒಂದೂ ನೆನಪಿಲ್ಲ. ಇದನ್ನೆಲ್ಲ ಪರದೆಗೆ ಮುಖ ಮಾಡಿಯೇ ಚಾಚಾನಿಗೆ ಹೇಳಿದೆ.

"ಹೆಗಲ ಯಾಕ ಇಳಿಬಿಡತಿದ್ರು?" ಎಂದು ಕೇಳಿದೆ.

"ಕೂಸ ಇರತಿತ್ತಲ್ಲರಿ ಹೆಗಲ ಮ್ಯಾಲ! ಎರಡ ಮೂರ ವರ್ಷದ್ದು. ಎಲ್ಲಾರೂ ಪರದೆ ನೋಡತಿದ್ರು, ಆ ಕೂಸು ಒಂದ ನನ್ನ ಕಿಂಡಿ ಕಡೆ ಮುಖಾ ಮಾಡಿ ಬೆಳಕ ನೋಡಿ ನಗತಿತ್ತು. ಆಮ್ಯಾಲೆ ಹಂಗ ಮಲಗಿಬಿಡತಿತ್ತು. ಫೈಟಿಂಗ್ ಬಂದ್ರ ಸಾಕು, ಅಂವ ಪಿಚ್ಚರ್ ಬಿಟ್ಟು ಕೂಸಿನ ಕಿವಿ ಮ್ಯಾಲ ಕೈ ಮುಚ್ಚಿ ಹಿಡಿಯಾಂವ. ಫೈಟಿಂಗ್ ಮುಗಿಯೂ ತನಕಾ ಕೈ ತಗೀತಿರಲಿಲ್ಲ. ನನಗ ತಡಿಯಲಿಲ್ಲರಿ. ಕೂಸ ಎದ್ದೀತು ಅಂತ ನಾನೂ ಸೌಂಡ್ ಸಣ್ಣ ಮಾಡತಿದ್ದೆ. ಮಂದಿ ಸೀಟಿ ಹೊಡದು ಬೈತಿದ್ರು. ಮಾಲಕರು ಎರಡ ಸಲ ಕೆಲಸಾ ಬಿಡಸತೇನಿ ಅಂದ್ರು. ಏನ ಮಾಡೂದು, ಕೂಸ ಮಲಗಿತ್ತಲ್ಲ."

ನಾನು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ. ಅತ್ತುಬಿಟ್ಟೆ ಎನ್ನಿ, ಅಳಲಿಲ್ಲ ಎಂದು ಹೇಳುವ ಮರ್ಯಾದೆ ನನಗೆ ಬೇಡ.

ಮೂರು ಗಂಟೆಗೆ ಜನ ಬಂದರು, ಗೋಡೆಗಳಿಗೆ ಬೆನ್ನು ಹಚ್ಚಿ ಕೂತರು. ಕತ್ತಲಾಯಿತು, ಸಿನಿಮಾ ಶುರುವಾಯಿತು. ಯಾವ ಸಿನಿಮಾ ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಮಧ್ಯದಲ್ಲೆಲ್ಲೋ ಹತ್ತಾರು ಜನ ಲಾಠಿ ಹಿಡಿದು ನಾಯಕನ ಮೇಲೆ ಏರಿಬಂದರು. ಅಷ್ಟರಲ್ಲಿ ಹೊಡೆತದ ಸದ್ದೆಲ್ಲ ಇಳಿಯುತ್ತ ಇಳಿಯುತ್ತ ಪಿಸುಮಾತಿನಷ್ಟಾಯಿತು.

"ಚಾಚಾ, ಸೌಂಡ್! ಸೌಂಡ್!" ಎಂದು ವಕೀಲರು ಕೂಗಿದರು. ಗೋಡೆಯ ಬಳಿ ಇನ್ನಿಬ್ಬರು ಸೀಟಿ ಹೊಡೆದರು. ಚಾಚಾ ಕೇಳಿಸದವರ ಹಾಗೆ ಕೂತಿದ್ದರು. ನಾನು ತಿರುಗಿ ನೋಡಲಿಲ್ಲ.