ಭಾವನವರ ಅಚ್ಚುಗಳು

ನಮ್ಮ ಭಾವನವರು ತಮ್ಮ ಆಯುಷ್ಯದಲ್ಲಿ ಯಾವ ವಸ್ತುವನ್ನೂ ರಿಪೇರಿ ಮಾಡಿದವರಲ್ಲ. ಅದರ ಚಿತ್ರವನ್ನು ರಿಪೇರಿ ಮಾಡುತ್ತಿದ್ದರು! ಚಾಡಿ ಹೇಳುತ್ತಿದ್ದೇನೆಂದು ತಿಳಿಯಬೇಡಿ, ಅದು ಅವರ ಸಿದ್ಧಾಂತವಾಗಿತ್ತು. ಸಿದ್ಧಾಂತವುಳ್ಳ ಗಂಡನೊಡನೆ ಒಂದೇ ಸೂರಿನಡಿ ಬಾಳುವುದು ಹೇಗಿರುತ್ತದೆಂದು ತಿಳಿಯಬೇಕಾದರೆ ನಮ್ಮ ಅಕ್ಕನನ್ನೇ ಕೇಳಬೇಕಿತ್ತು.

ತೊಂಬತ್ತರ ದಶಕದ ಮಾತು. ಭಾವ ಲಿಂಗಸುಗೂರಿನಲ್ಲಿ ಟೆಲಿಫೋನ್ ಇಂಜಿನಿಯರು. ಕಚೇರಿಗೆ ಒಂದು ಕಂಪ್ಯೂಟರ್ ಬಂದಿತ್ತು. ಅದಕ್ಕೆ ಹೊದಿಸಿದ ಬಟ್ಟೆಯನ್ನು ಸರಿಸುವ ಧೈರ್ಯವಿದ್ದವರು ಇವರೊಬ್ಬರೇ. ಲಿಂಗಸುಗೂರು, ಮಸ್ಕಿ, ಸಿಂಧನೂರು ಎಕ್ಸ್‌ಚೇಂಜುಗಳ ಸುಖದುಃಖವನ್ನು ಕೂತಲ್ಲೇ ವಿಚಾರಿಸಿಕೊಳ್ಳುವ ಒಂದು ಪ್ರೋಗ್ರಾಮು ಮಾಡುತ್ತೇನೆಂದು ಹೊರಟರು. ಮಾಡಿರೆಂದು ಯಾರೂ ಕೇಳಿರಲಿಲ್ಲ. ಆದರೆ ಅಷ್ಟು ಸಣ್ಣ ಕಾರಣಕ್ಕೆ ಅವರು ಎಂದಾದರೂ ಕೆಲಸ ನಿಲ್ಲಿಸಿದ್ದುಂಟೆ?

ಅವರ ವಿಧಾನವನ್ನು ಗೌರವಪೂರ್ವಕವಾಗಿ ವಿವರಿಸುತ್ತೇನೆ. ಮೊದಲು ಇಡೀ ಜಾಲದ ನಕ್ಷೆ ಬರೆಯಬೇಕು: ಯಾವುದು ಯಾವುದಕ್ಕೆ ಅಂಟಿಕೊಂಡಿದೆ, ಯಾವುದು ಕೆಟ್ಟರೆ ಯಾವುದು ಅಳುತ್ತದೆ. ಪ್ರೋಗ್ರಾಮು ಆ ನಕ್ಷೆಯಿಂದ ತಾನಾಗಿ ಹುಟ್ಟಬೇಕು. ತಪ್ಪು ಕಂಡರೆ ಪ್ರೋಗ್ರಾಮನ್ನು ಮುಟ್ಟದೆ ನಕ್ಷೆಯನ್ನು ತಿದ್ದಬೇಕು. ನಕ್ಷೆಯನ್ನಾದರೂ ಪ್ರತಿಸಲ ಹೊಸದಾಗಿ ಏಕೆ ಬರೆಯಬೇಕು? ಕೆಲವು ಅಚ್ಚುಗಳನ್ನು ಮಾಡಿಟ್ಟುಕೊಂಡರೆ, ಮಸ್ಕಿಗೆ ಒತ್ತಿದ್ದನ್ನೇ ಸಿಂಧನೂರಿಗೂ ಒತ್ತಬಹುದು.

"ಕರ್ಚಿಕಾಯಿ ಇದ್ದಂಗ," ಎಂದಳು ಅಕ್ಕ. "ಹೂರಣ ಎಲ್ಲೈತಿ ಅಂತ ಮಾತ್ರ ಕೇಳಬಾರದು."

ಅದೇ ಬೇಸಗೆಯಲ್ಲಿ ಅಕ್ಕನ ಕಾಲುಗಳು ಬಾತುಕೊಳ್ಳತೊಡಗಿದ್ದವು. ಬೆಳಗ್ಗೆ ಸಡಿಲವಿದ್ದ ಚಪ್ಪಲಿ ಸಂಜೆಗೆ ಪಾದಕ್ಕೆ ಹಿಡಿಸುತ್ತಿರಲಿಲ್ಲ. ರಾಯಚೂರಿನ ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದೆ. "ನಕ್ಷಿ ಮುಗೀಲಿ ತಡಿಯೋ," ಎಂದರು ಭಾವ.

ನಕ್ಷೆ ಮುಗಿಯುವುದು ಹೇಗೆ? ಬಚ್ಚಲಿನ ನಳ ಸೋರಿದರೂ ಅದಕ್ಕೊಂದು ನಕ್ಷೆ! ವಾಷರು ತರಲು ಹೋದವರು ಕಾಗದ ಹಿಡಿದು ಬಂದರು. ಟ್ಯಾಂಕು ಬರೆದರು, ಪೈಪು ಬರೆದರು, ಅರ್ಧ ದಿನ ಅಳಿಸಿ ತಿದ್ದಿ, "ಈಗ ಸರಿ ಆತು ನೋಡು," ಎಂದು ಎದ್ದರು. ಹಿಂದೆ ನಳ ತೊಟ್ಟಿಕ್ಕುತ್ತಲೇ ಇತ್ತು.

"ಅದರಾಗ ಒಂದು ಬಕೀಟನೂ ಬರೀರಿ," ಎಂದಳು ಅಕ್ಕ. "ಇದು ತುಂಬೈತಿ. ನನಗ ಬಗ್ಗಿ ಎತ್ತಾಕ ಆಗವಲ್ದು."

ಮುದಗಲ್ಲಿನಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡಾಗ ಸುದ್ದಿ ಮುಟ್ಟಿಸುವ ಹೊಣೆಯನ್ನು ಭಾವ ತಾವಾಗಿ ಹೊತ್ತರು. ಅದಕ್ಕೂ ಅವರಲ್ಲಿ ಅಚ್ಚು ಸಿದ್ಧವಿತ್ತು. ಎಕ್ಸ್‌ಚೇಂಜಿನಲ್ಲಿ ಏನಾದರೂ ನಡೆದರೆ ಊರಿಗೆಲ್ಲ ಒದರಬಾರದು. ಸುದ್ದಿ ಬೇಕಾದವರು ಮುಂಚೆಯೇ ಹೆಸರು ಹಚ್ಚಿಸಿರಬೇಕು, ಅವರಿಗಷ್ಟೇ ತಿಳಿಸಬೇಕು. ದೊಡ್ಡಪ್ಪನ ಆರೋಗ್ಯ ಕೆಟ್ಟಾಗ "ಏನಾರ ಆದ್ರ ಹೇಳ್ರಿ" ಎಂದವರಿಗೆಲ್ಲ ಸುದ್ದಿ ಮುಟ್ಟಿತು. ಗುರುಗುಂಟಾದ ಬೀಗರು ಬಂದರು, ಸಿಂಧನೂರಿನ ಬಟ್ಟೆಯಂಗಡಿಯವನೂ ಬಂದ. ಹೆಣ ಮಣ್ಣು ಸೇರಿದ ಮರುದಿನ ತುರ್ವಿಹಾಳದಿಂದ ದೊಡ್ಡಪ್ಪನ ಮಗ ಬಂದ.

"ನನಗ್ಯಾಕ ಹೇಳಲಿಲ್ರಿ?" ಎಂದು ಅವನು ಕಟ್ಟೆಯ ಮೇಲೆ ಕುಸಿದ.

"ನೀ ಹೆಸರು ಹಚ್ಚಿದ್ದಿಲ್ಲಲ್ಲಪಾ," ಎಂದರು ಭಾವ, ನಿಜವಾದ ಮರುಕದಿಂದ.

ತನ್ನಪ್ಪ ಸತ್ತರೆ ತನಗೆ ತಿಳಿಸಿರೆಂದು ಆ ಮೂರ್ಖ ಮುಂಗಡ ಅರ್ಜಿ ಹಾಕಿಕೊಂಡಿರಲಿಲ್ಲ!

ಇನ್ನು ಅವರ ಅಚ್ಚುಗಳಲ್ಲಿ ಶ್ರೇಷ್ಠವಾದದ್ದಕ್ಕೆ ಬರುತ್ತೇನೆ. ಸಿಂಧನೂರು–ಮಸ್ಕಿ ನಡುವಿನ ಕೇಬಲ್ಲು ತುಂಡಾದರೆ ಮಸ್ಕಿಯ ಪ್ರತಿಯೊಂದು ಸಲಕರಣೆಯೂ ಬೇರೆಬೇರೆಯಾಗಿ ಬೊಬ್ಬೆ ಹಾಕುತ್ತದೆ. ಅವೆಲ್ಲ ಮಕ್ಕಳ ಅಳು. ತಾಯಿ ದೋಷ ಒಂದೇ. ತಾಯಿಯನ್ನು ಗುರುತಿಸಿ ಮಕ್ಕಳ ಬಾಯಿ ಮುಚ್ಚಿಸಬೇಕು. ಮೇಲಧಿಕಾರಿಗಳು ನೋಡಲು ಬಂದ ದಿನವೇ ಯಾರೋ ಕಾಲುವೆ ಪಕ್ಕದಲ್ಲಿ ಗುದ್ದಲಿ ಹಾಕಿ ಕೇಬಲ್ಲು ಕಡಿದರು. ಪರದೆಯ ಮೇಲೆ ಒಂದೇ ಒಂದು ಕೆಂಪು ಚುಕ್ಕೆ ಮೂಡಿತು, ಉಳಿದದ್ದೆಲ್ಲ ಶಾಂತ. ಸಾಹೇಬರು ಎದ್ದು ನಿಂತು ಭಾವನ ಕೈ ಕುಲುಕಿದರು. ಮಸ್ಕಿಯಲ್ಲಿ ಜನ ಸತ್ತ ರಿಸೀವರಿಗೆ "ಹಲೋ, ಹಲೋ" ಎನ್ನುತ್ತಿದ್ದರು, ಆ ಮಾತು ಬೇರೆ.

ಆ ವಿಜಯೋತ್ಸಾಹದಲ್ಲೇ ಭಾವ ಆ ಅಚ್ಚನ್ನು ಮನೆಗೂ ತಂದರು. ಅಕ್ಕನಿಗೆ ಕಾಲು ಬಾವು, ಉಬ್ಬಸ, ನಿದ್ದೆಯಿಲ್ಲ, ಅನ್ನ ಕಂಡರೆ ವಾಕರಿಕೆ. "ಇವೆಲ್ಲಾ ಮಕ್ಕಳು," ಎಂದರು. "ತಾಯಿ ಒಂದಾ. ಉಷ್ಣ!" ಜೀರಿಗೆ ನೀರು ಕುಡಿಸಿ ಎಲ್ಲ ಮಕ್ಕಳ ಬಾಯನ್ನೂ ಮುಚ್ಚಿಸಿದರು. ಗಂಡನ ಗೆಲುವಿನ ಕಾಲದಲ್ಲಿ ಗೊಣಗಬಾರದೆಂದು ಅಕ್ಕನೂ ಸುಮ್ಮನಾದಳು. ನಾನು ಮತ್ತೆ ರಾಯಚೂರಿನ ಮಾತೆತ್ತಿದರೆ, "ಈಗ ಏನೂ ಅನ್ನವಲ್ಲಳಲ್ಲೋ," ಎಂದರು.

ಅಕ್ಕ ಅಡುಗೆಮನೆಯಲ್ಲಿ ಬಿದ್ದ ದಿನ ಕಡೆಗೂ ರಾಯಚೂರಿಗೆ ಹೋದೆವು. ಎರಡೂ ಮೂತ್ರಪಿಂಡಗಳು ಕೈಬಿಟ್ಟಿದ್ದವು. "ಕಾಲು ಬಾತಾಗನ ಕರ್ಕೊಂಡು ಬಂದಿದ್ರ..." ಎಂದ ಡಾಕ್ಟರು ಭಾವನ ಮುಖ ನೋಡಿ ಮಾತು ನಿಲ್ಲಿಸಿದರು. ಇನ್ನು ಮನೆಯಲ್ಲಿಟ್ಟು ನೋಡಿಕೊಳ್ಳಿ ಎಂದರು.

ನಿಯಮವೇನೋ ಸರಿಯಾಗಿಯೇ ಇತ್ತು. ಕಾಲಿಗೆ, ಉಸಿರಿಗೆ, ನಿದ್ದೆಗೆ, ಅನ್ನಕ್ಕೆ, ಎಲ್ಲಕ್ಕೂ ತಾಯಿ ಒಂದೇ. ಭಾವ ಬೇರೊಬ್ಬ ತಾಯಿಯನ್ನು ಹಿಡಿದಿದ್ದರು, ಅಷ್ಟೆ.

ಅವರು ರಜೆ ಹಾಕಿ ಅಕ್ಕನ ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತರು. ಅಲ್ಲಿಂದ ಏಳಲಿಲ್ಲ. ಒಂದು ಮಧ್ಯಾಹ್ನ ನಾನು ಹೋದಾಗ ಅಕ್ಕ ಮೆಲ್ಲಗೆ ಅಂದಳು: "ಏನ್ರಿ, ದಿಂಬು ಗಟ್ಟಿ ಆಗೈತಿ." ಭಾವ ಧಡಕ್ಕನೆ ಎದ್ದು ಒಳಗಿನಿಂದ ಬೇರೆ ದಿಂಬು ತಂದು ಹಾಕಿದರು. "ಬೆಳಕು ಕಣ್ಣಿಗೆ ಹೊಡ್ಯಾಕತ್ತೈತಿ." ಕಿಟಕಿಗೆ ಪಂಚೆ ಕಟ್ಟಿದರು. "ಅಂಗಾಲು ತಣ್ಣಗ ಆಗ್ಯಾವ." ನೀರು ಕಾಯಿಸಲು ಓಡಿದರು.

ನಾನು ಅಂಗಾಲು ಮುಟ್ಟಿ ನೋಡಿದೆ. ಬೆಚ್ಚಗಿತ್ತು.

"ಸುಮ್ಕಿರೋ ತಮ್ಮಾ," ಎಂದಳು ಅಕ್ಕ. "ದೊಡ್ಡದಕ್ಕ ಅವರ ಕೈಲೆ ಇನ್ನೇನೂ ಆಗಂಗಿಲ್ಲ. ಹಿಂಗ ಸಣ್ಣಸಣ್ಣವು ಹೇಳಿದ್ರ ಎದ್ದು ಓಡ್ಯಾಡತಾರ. ಇಲ್ಲಂದ್ರ ಅಲ್ಲೇ ಕುಂತು ಕಲ್ಲಾಗಿಬಿಡ್ತಾರ."

ಭಾವ ಬಿಸಿನೀರಿನ ಬೋಗುಣಿ ಹಿಡಿದು ಬಂದರು. ನೆಲದ ಮೇಲೆ ಕೂತು ಅರಿವೆ ಅದ್ದಿ ಹಿಂಡಿ ಅವಳ ಒಂದು ಪಾದಕ್ಕೆ ಸುತ್ತಿದರು.

"ಈಗ?"

"ಹಾಂ. ಈಗ ಹಾಯ್ ಅನಸ್ತು ನೋಡ್ರಿ," ಎಂದಳು ಅಕ್ಕ. ಸ್ವಲ್ಪ ಹೊತ್ತು ಯೋಚಿಸಿ, "ಆ ಕಾಲು?" ಎಂದಳು.