ಚಿಕ್ಕಮ್ಮನಿಗೆ ಸಿಕ್ಕ ಪಾತ್ರ

ನಮ್ಮ ಚಿಕ್ಕಮ್ಮ ಇಲ್ಲಿಯವರೆಗೆ ನೂರಕ್ಕೂ ಹೆಚ್ಚು ಸಲ ಸತ್ತಿದ್ದಾರೆ. ವಿಷ ಕುಡಿದು, ಕ್ಷಯ ಬಂದು, ಗುಂಡು ತಗುಲಿ, ಒಂದು ನಾಟಕದಲ್ಲಂತೂ ಬರೀ ಬೇಜಾರಿನಿಂದ! ನಂಬದಿದ್ದರೆ ಅವರನ್ನೇ ಕೇಳಿ. ಜೀವನ್ ಬಿಮಾ ನಗರದ ಮನೆಯಲ್ಲಿ ಚಹಾಕ್ಕೆ ಜಾಮ್ ಕಲಸಿಕೊಂಡು ಕೂತಿರುತ್ತಾರೆ. ಯಾವ ಸಾವು ಚೆನ್ನಾಗಿ ಬಂತು, ಯಾವುದು ಕೆಟ್ಟಿತು ಅಂತ ವಿವರವಾಗಿ ಹೇಳುತ್ತಾರೆ.

ಚಿಕ್ಕಮ್ಮ ರಷ್ಯಾದವರು. ಅಲ್ಲಿ ನದಿದಡದ ಒಂದು ಊರಿನ ರಂಗಮಂದಿರದಲ್ಲಿ ನಟಿಯಾಗಿದ್ದರು. ವಿಮಾನ ಕಾರ್ಖಾನೆಯ ಎಂಜಿನಿಯರ್ ಆಗಿದ್ದ ನಮ್ಮ ಚಿಕ್ಕಪ್ಪ ತರಬೇತಿಗೆಂದು ಆ ಊರಿಗೆ ಹೋದವರು, ಚಳಿ ತಡೆಯಲಾರದೆ ನಾಟಕ ನೋಡೋದಕ್ಕೆ ಶುರು ಮಾಡಿದರಂತೆ. ಒಂದೇ ನಾಟಕವನ್ನು ಒಂಬತ್ತು ಸಲ ನೋಡಿದರು. ಒಂಬತ್ತನೆಯ ಸಲ ಚಿಕ್ಕಮ್ಮನೇ ವೇದಿಕೆಯಿಂದ ಇಳಿದು ಬಂದು, ಇಷ್ಟು ಸಲ ನೋಡುವಂಥದ್ದು ಇದರಲ್ಲಿ ಏನಿದೆ ಎಂದು ಕೇಳಿದರು.

"ಹೀಟರು," ಅಂದರು ಚಿಕ್ಕಪ್ಪ.

ಸುಳ್ಳು ಹೇಳಲು ಬಾರದ ಗಂಡಸು ಅಂತ ಆಕೆಗೆ ಹಿಡಿಸಿಬಿಟ್ಟಿತು. ಮದುವೆಯಾಗಿ ಬೆಂಗಳೂರಿಗೆ ಬಂದರು.

ಬಂದ ಹೊಸತರಲ್ಲಿ, ಅಭ್ಯಾಸ ತಪ್ಪಬಾರದೆಂದು ನಡುಮನೆಯಲ್ಲೇ ಸಾಯುತ್ತಿದ್ದರು. ಮೊದಲ ಸಲ ಅದನ್ನು ಕಂಡ ನಮ್ಮಜ್ಜಿ, ಅಂದರೆ ಅವರ ಅತ್ತೆ, ಗಾಬರಿಯಾಗಿ ಒಂದು ಚೊಂಬು ನೀರು ತಂದು ಮುಖಕ್ಕೆ ಎರಚಿದರು. ಚಿಕ್ಕಮ್ಮ ಒಂದೇ ಕಣ್ಣು ತೆರೆದು, "ಅತ್ತೆ, ಇನ್ನೂ ನಾಕು ಮಾತು ಇದೆ," ಅಂದು ಮತ್ತೆ ಸತ್ತರು.

ಅವರಿಗೆ ಕನ್ನಡ ಕಲಿಸಿದ್ದು ಮರ್ಫಿ ಟೌನಿನಿಂದ ಮನೆಗೆಲಸಕ್ಕೆ ಬರುತ್ತಿದ್ದ ರಾಜಮ್ಮ. ಇಬ್ಬರೂ ಒಂದೇ ವಯಸ್ಸಿನವರು. ಕೆಲಸ ಮುಗಿದ ಮೇಲೆ ಹಿತ್ತಿಲಲ್ಲಿ ಎದುರುಬದುರು ಕೂತು ಒಂದೇ ಥರದ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ಅದಕ್ಕೆ ಅಜ್ಜಿ ಗೊಣಗುತ್ತಿದ್ದರೆ ಚಿಕ್ಕಮ್ಮ ಭಾಷೆ ಬಾರದವರ ಹಾಗೆ ನಗುತ್ತಿದ್ದರು. ಎಲ್ಲ ಅರ್ಥವಾಗುತ್ತಿತ್ತು ಅಂತ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಅರ್ಥವಾಗದ ಹಾಗೆ ನಟಿಸೋದು ನಟಿಗೇನು ಕಷ್ಟವೇ?

ಹೀಗೆ ಕಲಿತ ಕನ್ನಡದಲ್ಲಿ ಕಾಲುಭಾಗ ರಾಜಮ್ಮನ ಮನೆಮಾತಾದ ತಮಿಳು. ಏಕವಚನ, ಬಹುವಚನದ ಭೇದವಿಲ್ಲ. ದನಿಯೋ, ಹಿಂದಿನ ಸಾಲಿನ ಪ್ರೇಕ್ಷಕನಿಗೂ ಕೇಳುವಂಥದ್ದು. ಚಿಕ್ಕಪ್ಪನ ಮೇಲಧಿಕಾರಿ ಊಟಕ್ಕೆ ಬಂದಾಗ, "ಏನಣ್ಣಾ, ಸೊರಗೋಗ್ಬಿಟ್ಟಿದೀಯಾ" ಅಂತ ವಿಚಾರಿಸಿದ್ದು ಪಕ್ಕದ ಬೀದಿಗೂ ಕೇಳಿಸಿತಂತೆ.

ಆದರೆ ಅವರಿಗೆ ಬೇಕಾಗಿದ್ದು ವೇದಿಕೆ. ಒಂದು ಕನ್ನಡ ನಾಟಕ ತಂಡ ಸೇರಿದರು. ಮೊದಲ ನಾಟಕದಲ್ಲಿ ಬ್ರಿಟಿಷ್ ಕಲೆಕ್ಟರನ ಹೆಂಡತಿ. ಎರಡನೆಯದರಲ್ಲಿ ಬ್ರಿಟಿಷ್ ಜನರಲ್‌ನ ಹೆಂಡತಿ. ಹನ್ನೊಂದು ವರ್ಷ ಅದೇ ಟೋಪಿ ಹಾಕಿಕೊಂಡು ಒಬ್ಬನಲ್ಲ ಒಬ್ಬ ದೊರೆಯ ಹೆಂಡತಿಯಾದರು. ಕೊನೆಗೊಮ್ಮೆ, ಹೊಸ ನಾಟಕದ ಹಳ್ಳಿ ಅಜ್ಜಿಯ ಪಾತ್ರ ನನಗೆ ಕೊಡಿ ಅಂತ ನಿರ್ದೇಶಕರನ್ನು ಕೇಳಿದರು. ಅವರು ತುಂಬ ಮರ್ಯಾದೆಯಿಂದಲೇ, "ನಿಮ್ಮನ್ನ ನೋಡಿ ಜನ ನಂಬಲ್ಲ ಮೇಡಂ," ಅಂದರು.

"ನಮ್ಮೂರಲ್ಲಿ ನಾನು ಎಂಬತ್ತು ವರ್ಷದ ಮುದುಕ ಆಗಿದ್ದೆ. ಗಡ್ಡ ಎಲ್ಲಿಂದ ಬಂತು ಅಂತ ಯಾರೂ ಕೇಳ್ಲಿಲ್ಲ."

ನಿರ್ದೇಶಕರು ನಕ್ಕು ಮತ್ತೆ ಟೋಪಿಯನ್ನೇ ಕೈಗಿಟ್ಟರು. ಚಿಕ್ಕಮ್ಮ ಅದನ್ನು ಮೇಜಿನ ಮೇಲಿಟ್ಟು ಬಸ್ಸು ಹತ್ತಿ ಮನೆಗೆ ಬಂದವರು ಮತ್ತೆ ಆ ಕಡೆ ಹೋಗಲಿಲ್ಲ. ಕಾಲೇಜು ಮಕ್ಕಳಿಗೆ ರಷ್ಯನ್ ಹೇಳಿಕೊಡುತ್ತಾ ಇಪ್ಪತ್ತು ವರ್ಷ ಕಳೆದರು. ನಾಟಕದ ಮಾತೆತ್ತಿದರೆ, ಚಹಾ ಬೇಕಾ ಅಂತ ಕೇಳಿ ಒಳಗೆ ಹೋಗುತ್ತಿದ್ದರು.

ಹೋದ ವರ್ಷ ರಾಜಮ್ಮ ತೀರಿಕೊಂಡರು. ಅವರ ಮಗಳು ಸುಜಾತ ಶಾಲೆಯಲ್ಲಿ ಟೀಚರ್. ಈ ವರ್ಷ ಬುದ್ಧ ಪೂರ್ಣಿಮೆಗೆ ತಮ್ಮ ಬೀದಿಯ ಹೆಂಗಸರೆಲ್ಲ ಸೇರಿ, ಮನೆಗೆಲಸ ಮಾಡಿ ಮಕ್ಕಳನ್ನು ಓದಿಸಿದ ಅಮ್ಮಂದಿರ ಮೇಲೊಂದು ನಾಟಕ ಮಾಡುತ್ತಿದ್ದಾರೆ ಅಂತ ಹೇಳಲು ಆಕೆ ಬಂದಿದ್ದಳು. ನಾನೂ ಅಲ್ಲಿದ್ದೆ. ಎಲ್ಲರೂ ಮಗಳ ಪಾತ್ರವನ್ನೇ ಕೇಳುತ್ತಾರೆ, ಮುದುಕಿಯಾಗಲು ಯಾರೂ ಒಪ್ಪುತ್ತಿಲ್ಲ ಎಂದಳು.

ಚಿಕ್ಕಮ್ಮ ಚಹಾ ಲೋಟ ಕೆಳಗಿಟ್ಟು, "ನಾನು ಮಾಡ್ಲಾ?" ಅಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸುಜಾತ ತಡವರಿಸಿದಳು. ಮುಖಕ್ಕೆ, ಕೈಗೆ ಒಂಚೂರು ಕಪ್ಪು ಬಣ್ಣ ಹಚ್ಚಬೇಕಾಗುತ್ತದೇನೋ ಅಂದಳು.

"ಬಣ್ಣ ಬೇಡಮ್ಮ. ನಿಮ್ಮಮ್ಮ ಹೆಂಗೆ ಕೂತ್ಕೋತಿದ್ರು ಅಂತ ನಂಗೊತ್ತು."

ನಾಟಕದ ದಿನ ಅವರ ಬೀದಿಯ ಬುದ್ಧ ವಿಹಾರದ ಮುಂದಿನ ಶಾಮಿಯಾನದಲ್ಲಿ ನಾನು ಹೆದರಿಕೊಂಡೇ ಕೂತಿದ್ದೆ. ಎಪ್ಪತ್ತು ದಾಟಿದ ಬಿಳಿ ಹೆಂಗಸು ನೂಲಿನ ಸೀರೆ ಎತ್ತಿ ಕಟ್ಟಿ ಬಂದಾಗ ಜನ ಜೋರಾಗಿಯೇ ನಕ್ಕರು. ಚಿಕ್ಕಮ್ಮ ಅವಸರ ಮಾಡಲಿಲ್ಲ. ಸೆರಗಿನ ತುದಿಯಿಂದ ನೆಲ ಕೊಡವಿದರು. ಮೊಣಕಾಲು ಹಿಡಿದುಕೊಂಡು, ಸೊಂಟ ಬಗ್ಗಿಸಿ, ಮೆಲ್ಲಗೆ ಕೂತರು. ಕೂತು, ಮಗಳು ಶಾಲೆಯಿಂದ ಬರುವ ದಾರಿಯನ್ನು ನೋಡತೊಡಗಿದರು. ನಗು ಒಂದೊಂದೇ ಸಾಲಿನಲ್ಲಿ ನಿಂತಿತು. ನನ್ನ ಹಿಂದೆ ಕೂತಿದ್ದ ಯಾರೋ ಮೆತ್ತಗೆ, "ರಾಜಮ್ಮಕ್ಕ," ಅಂದರು.

ನಾಟಕ ಮುಗಿದ ಮೇಲೆ ಪರದೆಯ ಹಿಂದೆ ಹೋದೆ. ಚಿಕ್ಕಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಎದುರಿಗೆ ಸುಜಾತ ನಿಂತಿದ್ದಳು. ಎಲ್ಲಿ ತಪ್ಪಿತು ಹೇಳು ಅಂತ ಚಿಕ್ಕಮ್ಮ ಅವಳನ್ನು ಕೇಳಿದರು. ಹೊಗಳಿಕೆ ಅವರಿಗೆ ಬೇಕಾಗಿರಲಿಲ್ಲ.

"ಅಮ್ಮಂಗೆ ನೋವಿದ್ದಿದ್ದು ಎಡಗಾಲು," ಅಂದಳು ಸುಜಾತ. "ನೀವು ಬಲಗಾಲು ಹಿಡ್ಕೊಂಡ್ರಿ."

ಚಿಕ್ಕಮ್ಮ ತಮ್ಮ ಮೊಣಕಾಲನ್ನೇ ನೋಡಿಕೊಂಡರು. ಆಮೇಲೆ, "ನಾನು ಎದುರಿಗೆ ಕೂತ್ಕೋತಿದ್ದೆ ಕಣಮ್ಮ, ಕನ್ನಡಿ ಥರ," ಅಂದರು. "ಇಷ್ಟು ವರ್ಷಾನೂ."

ಸುಜಾತ ನೆಲದ ಮೇಲೆ ಕೂತು, ಆ ಬಲಗಾಲಿನ ಮೇಲೆ ತಲೆಯಿಟ್ಟಳು.